ಗಡಿ ದಾಟಿದ ಬೀಡಿ: ಕನಿಷ್ಠ ವೇತನ ಮತ್ತು ಕರಾವಳಿಯ ದುಡಿಮೆಯ ಒಂದು ಚಾರಿತ್ರಿಕ ಅವಲೋಕನ

೧. ಪ್ರವೇಶ

ಕನ್ನಡ ಜಾನಪದ ಅಧ್ಯಯನವು ದುಡಿಮೆಯ ಲೋಕವನ್ನು ಬಹುಮಟ್ಟಿಗೆ ಹಾಡಿನ ಬಾಗಿಲಿನಿಂದಲೇ ಪ್ರವೇಶಿಸಿದೆ. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ತುಳುನಾಡಿನ ಓಬೇಲೆ ಮತ್ತು ಕಬಿತಗಳು ಸಂಗ್ರಹಗೊಂಡಿವೆ, ವರ್ಗೀಕರಣಗೊಂಡಿವೆ, ವಿಶ್ಲೇಷಣೆಗೂ ಒಳಗಾಗಿವೆ. ಆದರೆ ಹಾಡುತ್ತ ದುಡಿದವರಿಗೆ ಸಂಜೆ ದೊರೆತದ್ದೆಷ್ಟು, ಅದನ್ನು ಅಳೆದವರು ಯಾರು, ಆ ಅಳತೆ ಬದಲಾದಾಗ ಅವರ ಕೆಲಸ ಏನಾಯಿತು ಎಂಬ ಪ್ರಶ್ನೆಗಳನ್ನು ನಾವು ಅರ್ಥಶಾಸ್ತ್ರಜ್ಞರಿಗೂ ಕಾರ್ಮಿಕ ಇಲಾಖೆಗೂ ಬಿಟ್ಟುಕೊಟ್ಟಿದ್ದೇವೆ. ಕೂಲಿಯ ಚರಿತ್ರೆ ಜನಪದರ ಚರಿತ್ರೆಯಿಂದ ಹೊರಗಿನದು ಎಂಬ ಈ ವಿಂಗಡಣೆ ಮರುಪರಿಶೀಲನೆಗೆ ಒಳಗಾಗಬೇಕಾಗಿದೆ.

ಕನಿಷ್ಠ ವೇತನವನ್ನು ಹೆಚ್ಚಿಸಿದರೆ ಕಾರ್ಮಿಕರ ಉದ್ಯೋಗ ಕಡಿಮೆಯಾಗುವುದೇ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಕೂಲಿಯೂ ಒಂದು ಬೆಲೆಯೇ, ಆದುದರಿಂದ ಉದ್ಯೋಗ ಕುಗ್ಗುತ್ತದೆ ಎಂಬುದು ಒಂದು. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆಯ ಲೋಕವಿವೇಕವನ್ನೇ ಇದು ಮಾಲೀಕರ ಕಡೆಯಿಂದ ನುಡಿಯುತ್ತದೆ. ನ್ಯಾಯವಾದ ಕೂಲಿಯಿಂದ ಯಾರಿಗೂ ನಷ್ಟವಾಗದು ಎಂಬುದು ಇನ್ನೊಂದು. ಕರಾವಳಿಯ ಬೀಡಿ ಉದ್ಯಮದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಈ ಎರಡೂ ಉತ್ತರಗಳು ಸಾಲವು. ೧೯೬೮ರಲ್ಲಿ ಮಂಗಳೂರು ಮತ್ತು ಕಣ್ಣೂರುಗಳ ನಡುವೆ ನಡೆದ ಒಂದು ಘಟನೆಯನ್ನು ಕೇಂದ್ರವಾಗಿರಿಸಿಕೊಂಡು, ವೇತನದ ಏರಿಕೆಯು ಉದ್ಯೋಗದ ಸಂಖ್ಯೆಯನ್ನಷ್ಟೇ ಅಲ್ಲದೆ ಅದರ ಸ್ಥಳ, ರೂಪ ಮತ್ತು ಗೋಚರತೆಗಳನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

೨. ಪಡಿ, ಕೂಲಿ, ಮಜೂರಿ: ಅಳತೆಯ ಹಿನ್ನೆಲೆ

ವೇತನವನ್ನು ಕುರಿತ ಜನಪದ ಕಲ್ಪನೆ ಹಣದಿಂದ ಆರಂಭವಾಗುವುದಿಲ್ಲ, ಅಳತೆಯಿಂದ ಆರಂಭವಾಗುತ್ತದೆ. ಪಡಿ ಎಂಬ ಮಾತು ಧಾನ್ಯದ ಅಳತೆಯನ್ನೂ ದಿನದ ಗ್ರಾಸವನ್ನೂ ಏಕಕಾಲಕ್ಕೆ ಸೂಚಿಸುತ್ತದೆ. ಆಯಗಾರ ಪದ್ಧತಿಯಲ್ಲಿ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದವರಿಗೆ ಸುಗ್ಗಿಯ ಕಣದಲ್ಲಿ ಆಯ ಸಲ್ಲುತ್ತಿತ್ತು. ಎಷ್ಟು ಕುಳ ಮಾಡಿದೆ, ಎಷ್ಟು ಬಟ್ಟೆ ಒಗೆದೆ ಎಂಬ ಲೆಕ್ಕ ಅಲ್ಲಿ ಮುಖ್ಯವಾಗಿರಲಿಲ್ಲ. ಊರಿನಲ್ಲಿ ಆ ಕುಲದವನಿಗಿದ್ದ ಸ್ಥಾನವೇ ಅವನ ಪಾಲನ್ನು ನಿರ್ಧರಿಸುತ್ತಿತ್ತು.

ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸಲ್ಲದು. ತುಳುನಾಡಿನ ಮೂಲದಾಳುಗಳು, ಬಯಲುಸೀಮೆಯ ಜೀತದಾಳುಗಳು ಕೆಲಸವಿಲ್ಲದೆ ಕುಳಿತವರಲ್ಲ. ಬಿಟ್ಟುಹೋಗುವ ಸ್ವಾತಂತ್ರ್ಯವಿಲ್ಲದಲ್ಲಿ ನಿರುದ್ಯೋಗವೂ ಇರುವುದಿಲ್ಲ. ಎಲ್ಲರಿಗೂ ಕೆಲಸವಿದ್ದು ಯಾರಿಗೂ ಕೂಲಿಯಿಲ್ಲದ ಒಂದು ಸಮಾಜವನ್ನು ನಾವು ಶತಮಾನಗಳ ಕಾಲ ನಡೆಸಿಕೊಂಡು ಬಂದಿದ್ದೇವೆ. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ ಬಂದದ್ದು ೧೯೭೬ರಲ್ಲಿ. ಆದುದರಿಂದ ಉದ್ಯೋಗದ ಸಂಖ್ಯೆಯೊಂದನ್ನೇ ಅಳತೆಗೋಲಾಗಿ ಹಿಡಿದು ವೇತನದ ಕಾನೂನನ್ನು ತೂಗುವುದು ಚರಿತ್ರೆಯ ದೃಷ್ಟಿಯಿಂದ ಅಪೂರ್ಣವೆನಿಸುತ್ತದೆ.

ಕನಿಷ್ಠ ವೇತನ ಕಾಯ್ದೆ ೧೯೪೮ರಲ್ಲಿ ಜಾರಿಗೆ ಬಂದಿತು. ಅದರ ಅನುಸೂಚಿಯಲ್ಲಿ ಬೀಡಿ ತಯಾರಿಕೆಯನ್ನೂ ಒಳಗೊಂಡ ತಂಬಾಕು ಉದ್ಯಮ ಮೊದಲಿನಿಂದಲೂ ಇದ್ದಿತು. ದರವನ್ನು ಗೊತ್ತುಪಡಿಸುವ ಅಧಿಕಾರ ಮುಖ್ಯವಾಗಿ ರಾಜ್ಯ ಸರಕಾರಗಳದ್ದು. ದರವನ್ನು ಐದು ವರ್ಷಗಳಿಗೆ ಮೀರದ ಅಂತರದಲ್ಲಿ ಪರಿಷ್ಕರಿಸಬೇಕೆಂಬ ನಿಯಮವೂ ಇದ್ದಿತು. ೧೯೫೭ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ವೇತನದ ಸೂತ್ರವನ್ನು ರೂಪಿಸಿತು. ದುಡಿಯುವವನೊಬ್ಬನ ಮೇಲೆ ಮೂರು ಬಳಕೆಯ ಘಟಕಗಳು, ಕುಟುಂಬಕ್ಕೆ ವರ್ಷಕ್ಕೆ ೭೨ ಗಜ ಬಟ್ಟೆ, ಮನೆಬಾಡಿಗೆ, ಇಂಧನ ಮತ್ತು ದೀಪದಂತಹ ಇತರ ವೆಚ್ಚಗಳಿಗೆ ಒಟ್ಟು ಮೊತ್ತದ ೨೦ ಪ್ರತಿಶತ. ಗಮನಿಸಿ ನೋಡಿದರೆ ಇದು ಪಡಿಯ ಹಳೆಯ ತರ್ಕವೇ ಆಗಿದೆ. ಎಷ್ಟು ಕೆಲಸ ಮಾಡಿದ ಎಂಬುದಕ್ಕಿಂತ ಬದುಕಲು ಎಷ್ಟು ಬೇಕು ಎಂಬುದೇ ಇಲ್ಲಿ ಆಧಾರ. ವ್ಯತ್ಯಾಸವಿರುವುದು ಅಳೆಯುವ ಕೈಯಲ್ಲಿ. ಒಡೆಯನ ಕೊಳಗದ ಸ್ಥಾನಕ್ಕೆ ಸರಕಾರದ ಅಧಿಸೂಚನೆ ಬಂದಿತು.

ಆದರೆ ಬೀಡಿಯ ಮಟ್ಟಿಗೆ ಅಳತೆ ದಿನವಲ್ಲ, ಸಾವಿರ. ಕರಾವಳಿಯಲ್ಲಿ ಮಜೂರಿ ಎಂದು ಕರೆಯಲಾಗುವ ಬೀಡಿಯ ಕೂಲಿಯನ್ನು ಸಾವಿರ ಬೀಡಿಗೆ ಇಂತಿಷ್ಟು ಎಂದು ನಿಗದಿಪಡಿಸಲಾಗುತ್ತದೆ. ಈ ಒಂದು ಸಂಗತಿಯಿಂದಲೇ ಮುಂದಿನ ಕಥೆಯ ಬಹುಭಾಗ ಹೊರಡುತ್ತದೆ.

೩. ಹಂಚು ಮತ್ತು ಬೀಡಿ: ಎರಡು ಉದ್ಯಮಗಳ ಹೋಲಿಕೆ

ಕರಾವಳಿಯ ಎರಡು ಹಳೆಯ ಉದ್ಯಮಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡುವುದು ಉಪಯುಕ್ತ. ಬಾಸೆಲ್ ಮಿಷನ್ ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಹಂಚಿಗೆ ಜೇಡಿಮಣ್ಣು ಬೇಕು, ಗೂಡು ಬೇಕು, ಸೌದೆ ಬೇಕು, ಮಣ್ಣನ್ನೂ ಹಂಚನ್ನೂ ಸಾಗಿಸಲು ಹೊಳೆ ಬೇಕು. ಆದುದರಿಂದ ಕಾರ್ಖಾನೆಗಳು ನೇತ್ರಾವತಿ, ಗುರುಪುರ ಹೊಳೆಗಳ ದಡಕ್ಕೆ ಅಂಟಿಕೊಂಡೇ ಬೆಳೆದವು. ಕೂಲಿ ಹೆಚ್ಚಿತೆಂದು ಅವು ಬೆಳಗಾಗುವುದರೊಳಗೆ ಎದ್ದು ಹೋಗುವಂತಿರಲಿಲ್ಲ. ನೆರೆಯ ಕೇರಳದಲ್ಲಿ ಸರಕಾರವು ೧೯೫೮ರಲ್ಲಿ ಹಂಚಿನ ಉದ್ಯಮಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದಾಗ ಮಾಲೀಕರು ನ್ಯಾಯಾಲಯದ ಮೊರೆಹೊಕ್ಕರು. ಉಣಿಚ್ಚೋಯಿ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೧ರಲ್ಲಿ, ಕನಿಷ್ಠ ವೇತನವನ್ನು ಗೊತ್ತುಪಡಿಸುವಾಗ ಮಾಲೀಕನ ಕೊಡುವ ಶಕ್ತಿಯನ್ನು ಪರಿಗಣಿಸಬೇಕಾದುದಿಲ್ಲ ಎಂಬ ನಿಲುವನ್ನು ತಳೆಯಿತು. ಬದುಕಿಗೆ ಬೇಕಾದಷ್ಟು ಕೂಲಿಯನ್ನು ಕೊಡಲಾರದ ಉದ್ಯಮಕ್ಕೆ ನಡೆಯುವ ಹಕ್ಕಿಲ್ಲ ಎಂಬ ತತ್ತ್ವ ಆ ಕಾಲದ ತೀರ್ಪುಗಳಲ್ಲಿ ನೆಲೆಗೊಂಡಿತು. ಮುಂದೆ ಹಂಚಿನ ಉದ್ಯಮ ಕ್ಷೀಣಿಸಿದ್ದು ನಿಜ. ಆದರೆ ಕಾಂಕ್ರೀಟ್ ಚಾವಣಿಯ ಹರಡುವಿಕೆ ಹಾಗೂ ಮಣ್ಣು ಮತ್ತು ಸೌದೆಯ ಅಭಾವಗಳನ್ನು ಬಿಟ್ಟು ಆ ಕ್ಷೀಣತೆಯನ್ನು ಕೂಲಿಯೊಂದರ ತಲೆಗೆ ಕಟ್ಟುವುದು ಸಾಧ್ಯವಿಲ್ಲ.

ಬೀಡಿಯ ಸ್ವರೂಪ ಇದಕ್ಕೆ ತದ್ವಿರುದ್ಧ. ಎಲೆ ಬರುವುದು ಮಧ್ಯಭಾರತದ, ಒರಿಸ್ಸಾದ ಕಾಡುಗಳಿಂದ; ತಂಬಾಕು ನಿಪ್ಪಾಣಿಯಿಂದ, ಗುಜರಾತಿನಿಂದ. ಎರಡೂ ಹಗುರವಾದ ಸರಕುಗಳು. ಯಂತ್ರವಿಲ್ಲ, ಗೂಡಿಲ್ಲ. ಒಂದು ತಡ್ಪೆ ಅಥವಾ ಮೊರ, ಒಂದು ಕತ್ತರಿ, ಎಲೆ ಕತ್ತರಿಸಲು ಅಳತೆಯ ತಗಡು, ಒಂದು ಉಂಡೆ ನೂಲು ಇಷ್ಟಿದ್ದರೆ ಕೆಲಸ ಆರಂಭವಾಗುತ್ತದೆ. ಕಚ್ಚಾವಸ್ತುವಿನ ಬೆಲೆ ಎಲ್ಲ ಮಾಲೀಕರಿಗೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ಕಡಿತಕ್ಕೆ ಉಳಿಯುವ ಮುಖ್ಯ ವೆಚ್ಚವೆಂದರೆ ಕೂಲಿ. ಎಲ್ಲಿ ಮಜೂರಿ ಕಡಿಮೆಯೋ ಅಲ್ಲಿಗೆ ಎಲೆಯ ಚೀಲ ಹೋಗುತ್ತದೆ. ಒಂದೇ ಕಾನೂನು, ಒಂದೇ ಪ್ರಮಾಣದ ಏರಿಕೆ, ನೆಲಕ್ಕೆ ಬೇರೂರಿದ ಉದ್ಯಮದಲ್ಲಿ ಒಂದು ಫಲವನ್ನೂ ಬೇರಿಲ್ಲದ ಉದ್ಯಮದಲ್ಲಿ ಇನ್ನೊಂದು ಫಲವನ್ನೂ ನೀಡುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

೪. ೧೯೬೮ರ ಪ್ರಕರಣ

ಬೀಡಿ ಮತ್ತು ಸಿಗಾರ್ ಕಾರ್ಮಿಕರ (ಉದ್ಯೋಗದ ಷರತ್ತುಗಳು) ಕಾಯ್ದೆಯನ್ನು ಸಂಸತ್ತು ೧೯೬೬ರಲ್ಲಿ ಅಂಗೀಕರಿಸಿತು. ಕೆಲಸದ ಸ್ಥಳಕ್ಕೆ ಪರವಾನಗಿ, ಕೆಲಸದ ವೇಳೆಯ ಮಿತಿ, ವಾರದ ರಜೆ, ಸಂಬಳಸಹಿತ ವಾರ್ಷಿಕ ರಜೆ, ಹೆರಿಗೆಯ ಸೌಲಭ್ಯ ಮೊದಲಾದವನ್ನು ಅದು ವಿಧಿಸಿತು. ಗುತ್ತಿಗೆದಾರನ ಹಿಂದೆ ನಿಂತಿದ್ದ ಮೂಲ ಮಾಲೀಕನನ್ನೂ ಹೊಣೆಗಾರನನ್ನಾಗಿ ಮಾಡಿತು. ಆದರೆ ಅದರ ಮೊದಲ ಕಲಮಿನಲ್ಲೇ ಒಂದು ವಿಶೇಷವಿದ್ದಿತು. ಕಾಯ್ದೆಯು ಆಯಾ ರಾಜ್ಯದಲ್ಲಿ ಆಯಾ ರಾಜ್ಯ ಸರಕಾರ ಗೊತ್ತುಪಡಿಸಿದ ದಿನದಂದು ಜಾರಿಗೆ ಬರತಕ್ಕದ್ದು ಎಂಬುದೇ ಆ ವಿಶೇಷ. ಕಾನೂನು ದೇಶಕ್ಕೆಲ್ಲ ಒಂದೇ. ಅದರ ದಿನಾಂಕ ಮಾತ್ರ ಗಡಿಯಿಂದ ಗಡಿಗೆ ಬೇರೆ.

ಇ. ಎಂ. ಎಸ್. ನಂಬೂದಿರಿಪಾಡರ ಎರಡನೆಯ ಮಂತ್ರಿಮಂಡಲವು ೧೯೬೮ರ ಅಕ್ಟೋಬರಿನಲ್ಲಿ ಈ ಕಾಯ್ದೆಯನ್ನು ಕೇರಳದಲ್ಲಿ ಜಾರಿಗೆ ತಂದಿತು. ಕಣ್ಣೂರು ಮತ್ತು ಕಾಸರಗೋಡು ಪ್ರದೇಶದ ಬೀಡಿ ಶೆಡ್ಡುಗಳಲ್ಲಿ ಬಹುಪಾಲು ಕೆಲಸ ಮಂಗಳೂರು ಮೂಲದ ಸಂಸ್ಥೆಗಳದ್ದಾಗಿದ್ದಿತು. ಅವುಗಳಲ್ಲಿ ಪ್ರಮುಖವಾದ ಗಣೇಶ್ ಬೀಡಿ ಸಂಸ್ಥೆಯೂ ಇತರ ಸಂಸ್ಥೆಗಳೂ ಹೊಸ ಕಾನೂನಿನ ವೆಚ್ಚವನ್ನು ಹೊರಲು ಒಪ್ಪದೆ ಕೇರಳದ ಶೆಡ್ಡುಗಳನ್ನು ಮುಚ್ಚಿದವು. ಸುಮಾರು ೧೨,೦೦೦ ಕಾರ್ಮಿಕರು ಕೆಲಸ ಕಳೆದುಕೊಂಡರು. ೧೯೫೬ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿದ್ದಿತು ಎಂಬುದನ್ನು ಇಲ್ಲಿ ನೆನೆಯಬೇಕು. ಭಾಷೆಯ ಆಧಾರದ ಮೇಲೆ ಎಳೆದ ಗಡಿಯು ಹನ್ನೆರಡೇ ವರ್ಷಗಳಲ್ಲಿ ಕೂಲಿಯ ಗಡಿಯೂ ಆಗಿ ಪರಿಣಮಿಸಿತು. ತಲಪಾಡಿಯ ಆಚೆಗೊಂದು ನಿಯಮ, ಈಚೆಗೊಂದು ನಿಯಮ. ಮನೆಮಾತು, ದೈವದ ನೇಮ, ನೆಂಟಸ್ತಿಕೆಗಳು ದಾಟುತ್ತಿದ್ದ ಗಡಿಯನ್ನು ಎಲೆಯ ಚೀಲವೂ ದಾಟಿತು.

ಇಲ್ಲಿಗೆ ನಿಲ್ಲಿಸಿದರೆ ಮೊದಲ ಸಿದ್ಧ ಉತ್ತರಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇರೆ ಬೇಕಿಲ್ಲ. ಕೂಲಿ ಮತ್ತು ಸವಲತ್ತು ಏರಿದವು, ಉದ್ಯೋಗ ಹೋಯಿತು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಬೀಡಿ ಸೇದುವವರ ಸಂಖ್ಯೆ ೧೯೬೮ರ ಅಕ್ಟೋಬರಿನಲ್ಲಿ ಕುಗ್ಗಲಿಲ್ಲ. ಆದುದರಿಂದ ಕೆಲಸ ನಾಶವಾಯಿತು ಎನ್ನುವುದಕ್ಕಿಂತ ಅದು ಸ್ಥಳಾಂತರಗೊಂಡಿತು ಎನ್ನುವುದೇ ಯುಕ್ತ. ಕೆಲಸ ಕಳೆದುಕೊಂಡ ಹನ್ನೆರಡು ಸಾವಿರ ಮಂದಿಗೆ ಈ ವ್ಯತ್ಯಾಸದಿಂದ ಸಮಾಧಾನವಿಲ್ಲ ನಿಜ. ಆದರೆ ಕಾರಣವನ್ನು ಅರಿಯಲು ಈ ವ್ಯತ್ಯಾಸ ಅಗತ್ಯ. ಕೂಲಿಯ ಮಟ್ಟಕ್ಕಿಂತ ಹೆಚ್ಚಾಗಿ ಗಡಿಯ ಎರಡು ಬದಿಗಳ ಕೂಲಿಯ ಅಂತರವೇ ಇಲ್ಲಿ ಕೆಲಸ ಮಾಡಿತು.

ಎರಡನೆಯ ಸಂಗತಿ ಇನ್ನೂ ಮಹತ್ವದ್ದು. ೧೯೬೯ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರ ಸಂಘ ಕೆಲಸ ಆರಂಭಿಸಿತು. ಸರಕಾರ ಷೇರು ಬಂಡವಾಳಕ್ಕೂ ಕಾರ್ಯನಿರ್ವಹಣೆಗೂ ನೆರವು ನೀಡಿತು. ಕೈಗಾರಿಕಾ ಇಲಾಖೆಯ ಅಧಿಕಾರಿಯಾಗಿದ್ದ ಜಿ. ಕೆ. ಪಣಿಕ್ಕರ್ ಅದರ ಅಧ್ಯಕ್ಷರಾದರು. ಮೊದಲು ಸುಮಾರು ೩,೦೦೦ ಮಂದಿಗಷ್ಟೇ ಕೆಲಸ ದೊರೆಯಿತು, ಉಳಿದವರು ಕಾಯಬೇಕಾಯಿತು. ಆದರೆ ಕಾಯ್ದೆ ವಿಧಿಸಿದ ಸವಲತ್ತುಗಳನ್ನೆಲ್ಲ ಕೊಟ್ಟೇ ಈ ಸಂಘ ಬೆಳೆಯಿತು. ಉಚ್ಛ್ರಾಯದ ದಿನಗಳಲ್ಲಿ, ಅಂದರೆ ಎಂಬತ್ತರ ದಶಕದಲ್ಲಿ, ಸುಮಾರು ೪೨,೦೦೦ ಕಾರ್ಮಿಕರು ಅದರಲ್ಲಿದ್ದರು. ಖಾಸಗಿ ಮಾಲೀಕರು ಅಸಾಧ್ಯವೆಂದ ಕೂಲಿಯನ್ನು ಅದೇ ಎಲೆ, ಅದೇ ತಂಬಾಕು, ಅದೇ ಬೆರಳುಗಳನ್ನು ನಂಬಿದ ಸಂಸ್ಥೆ ಎರಡು ದಶಕಗಳಿಗೂ ಮಿಕ್ಕಿ ಕೊಟ್ಟಿತು. ಮಧ್ಯವರ್ತಿಯ ಪಾಲು ಇಲ್ಲವಾದದ್ದು, ಲಾಭ ಕಾರ್ಮಿಕರಿಗೇ ಮರಳಿದ್ದು, ಸರಕಾರದ ಬೆಂಬಲ ಮತ್ತು ಗ್ರಾಹಕರ ನಿಷ್ಠೆ ಇದಕ್ಕೆ ಕಾರಣಗಳು. ಹೀಗೆ, ಯಾವ ಕೂಲಿಯನ್ನು ಕೊಡಲು ಸಾಧ್ಯ ಎಂಬುದು ಉದ್ಯಮದ ಸಂಘಟನೆಯ ರೂಪವನ್ನು ಅವಲಂಬಿಸಿದೆಯೇ ಹೊರತು ಅದು ಪ್ರಕೃತಿನಿಯಮವಲ್ಲ ಎಂದು ತಿಳಿಯುತ್ತದೆ.

೫. ಇನ್ನೊಂದು ಗಡಿಯ ಸಾಕ್ಷ್ಯ

ವೇತನದ ಪರಿಣಾಮವನ್ನು ಗಡಿಯ ಎರಡು ಬದಿಗಳಲ್ಲಿ ನಿಂತು ಅಳೆಯುವ ವಿಧಾನ ಅರ್ಥಶಾಸ್ತ್ರದಲ್ಲಿ ಪ್ರಸಿದ್ಧವಾದದ್ದು ಇದಾದ ಕಾಲು ಶತಮಾನದ ಅನಂತರ. ಅಮೆರಿಕದ ನ್ಯೂಜೆರ್ಸಿ ರಾಜ್ಯವು ೧೯೯೨ರ ಏಪ್ರಿಲಿನಲ್ಲಿ ಕನಿಷ್ಠ ವೇತನವನ್ನು ಗಂಟೆಗೆ ೪.೨೫ ಡಾಲರಿನಿಂದ ೫.೦೫ ಡಾಲರಿಗೆ ಏರಿಸಿತು. ನೆರೆಯ ಪೆನ್ಸಿಲ್ವೇನಿಯದಲ್ಲಿ ದರ ಬದಲಾಗಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ವಿದ್ವಾಂಸರು ಎರಡೂ ಕಡೆಯ ೪೧೦ ತ್ವರಿತ ಆಹಾರದ ಅಂಗಡಿಗಳನ್ನು ಏರಿಕೆಯ ಮುನ್ನ ಮತ್ತು ಅನಂತರ ಪರಿಶೀಲಿಸಿ, ನ್ಯೂಜೆರ್ಸಿಯಲ್ಲಿ ಉದ್ಯೋಗ ಕುಗ್ಗಿದ್ದಕ್ಕೆ ಆಧಾರವಿಲ್ಲವೆಂದು ೧೯೯೪ರಲ್ಲಿ ಪ್ರಕಟಿಸಿದರು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಸಂಬಳದ ದಾಖಲೆಗಳನ್ನು ಆಧರಿಸಿ ಇದನ್ನು ಪ್ರಶ್ನಿಸಿದರು. ಚರ್ಚೆ ಮುಂದುವರಿಯಿತು. ಕಾರ್ಡ್ ಅವರಿಗೆ ೨೦೨೧ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಸಂದಿತು.

ಈ ಫಲಿತಾಂಶಕ್ಕೆ ನೀಡಲಾಗುವ ವಿವರಣೆಗಳಲ್ಲಿ ಒಂದು ಜೋನ್ ರಾಬಿನ್ಸನ್ ೧೯೩೩ರಲ್ಲೇ ಪ್ರತಿಪಾದಿಸಿದ್ದ ಏಕಕ್ರೇತೃ ಮಾರುಕಟ್ಟೆಯ ಕಲ್ಪನೆಗೆ ಸಂಬಂಧಿಸಿದೆ. ದುಡಿಮೆಯನ್ನು ಕೊಳ್ಳುವವನು ಒಬ್ಬನೇ ಇದ್ದಾಗ ಕೂಲಿ ಅದರ ನಿಜವಾದ ಮೌಲ್ಯಕ್ಕಿಂತ ಕೆಳಗೆ ನಿಲ್ಲುತ್ತದೆ. ಅಲ್ಲಿ ಕಾನೂನು ಕೂಲಿಯನ್ನು ಏರಿಸಿದರೆ ಉದ್ಯೋಗ ಕುಗ್ಗಬೇಕಾಗಿಲ್ಲ, ಕೆಲವೊಮ್ಮೆ ಹೆಚ್ಚಲೂಬಹುದು. ಮನೆ, ಮಕ್ಕಳು, ಹಟ್ಟಿಯ ದನಗಳನ್ನು ಬಿಟ್ಟು ಹೊರಗೆ ಹೋಗಲಾಗದ, ನಡೆದು ತಲಪಬಹುದಾದ ಒಂದೇ ಬೀಡಿ ಬ್ರಾಂಚನ್ನು ನಂಬಿದ ಹೆಣ್ಣುಮಗಳ ಸ್ಥಿತಿಗೆ ಈ ಕಲ್ಪನೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ನ್ಯೂಜೆರ್ಸಿಯ ಆಹಾರದ ಅಂಗಡಿಗೂ ಕಣ್ಣೂರಿನ ಬೀಡಿ ಶೆಡ್ಡಿಗೂ ಒಂದು ಮೂಲಭೂತ ಭೇದವಿದೆ. ಊಟ ಮಾಡುವವರು ನ್ಯೂಜೆರ್ಸಿಯಲ್ಲಿರುವುದರಿಂದ ಅಂಗಡಿಯು ಡೆಲವೇರ್ ನದಿಯನ್ನು ದಾಟಿ ಹೋಗಲಾರದು. ಬೀಡಿಯನ್ನು ಎಲ್ಲಿ ಕಟ್ಟಿದರೂ ಎಲ್ಲಿ ಬೇಕಾದರೂ ಮಾರಬಹುದು. ಆದುದರಿಂದ ಎರಡು ಗಡಿಗಳ ಸಾಕ್ಷ್ಯಗಳು ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ಮಾಲೀಕನಿಗೆ ಎದ್ದುಹೋಗುವ ದಾರಿಯಿದೆಯೇ ಎಂಬ ಒಂದೇ ಪ್ರಶ್ನೆಗೆ ಅವು ನೀಡಿದ ಎರಡು ಉತ್ತರಗಳು.

೬. ಶೆಡ್ಡಿನಿಂದ ಜಗಲಿಗೆ

ಮಾಲೀಕರು ಕಂಡುಕೊಂಡ ದಾರಿ ರಾಜ್ಯದ ಗಡಿಯೊಂದೇ ಆಗಿರಲಿಲ್ಲ. ಶೆಡ್ಡಿಗೂ ಮನೆಗೂ ನಡುವಣ ಗಡಿಯೂ ಇನ್ನೊಂದು ದಾರಿಯಾಯಿತು. ಪರವಾನಗಿ, ಬೆಳಕು, ಗಾಳಿ, ಶೌಚಾಲಯಗಳ ನಿಯಮಗಳು ಕೆಲಸದ ಸ್ಥಳಕ್ಕೆ ಅನ್ವಯಿಸುವುದರಿಂದ, ಕೆಲಸವನ್ನು ಮನೆಯ ಜಗಲಿಗೆ ಸಾಗಿಸಿದರೆ ಆ ವೆಚ್ಚ ತಪ್ಪುತ್ತದೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಕೆಲಸ ಗುತ್ತಿಗೆದಾರನ ಬ್ರಾಂಚಿನ ಮೂಲಕ ಹಳ್ಳಿಹಳ್ಳಿಯ ಮನೆಗಳಿಗೆ ಹರಡಿತು. ಬಹುಮಟ್ಟಿಗೆ ಹೆಂಗಸರ ಕೆಲಸವಾಯಿತು. ಉದ್ಯೋಗ ಕಡಿಮೆಯಾಯಿತೆನ್ನುವಂತಿಲ್ಲ. ಸಾವಿರಾರು ಮನೆಗಳಿಗೆ ನಗದಿನ ಮುಖ ಕಾಣಿಸಿದ್ದು ಈ ಕೆಲಸದಿಂದಲೇ. ಮಕ್ಕಳ ಶಾಲೆ, ಹೆಣ್ಣುಮಕ್ಕಳ ಮದುವೆ, ಮಾಡಿನ ಹಂಚು ಇವುಗಳ ಹಿಂದೆ ಬೀಡಿಯ ಮಜೂರಿ ಇದೆ. ಆದರೆ ಆ ಉದ್ಯೋಗ ಕಣ್ಣಿಗೆ ಕಾಣದಂತಾಯಿತು.

ಜಾನಪದ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದ ಅಂಶವೊಂದು ಇಲ್ಲಿದೆ. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬ ಕಾರ್ಮಿಕ ಗಟ್ಟಿಯಾಗಿ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದುವುದು, ಉಳಿದವರು ಕೈಕೆಲಸ ನಿಲ್ಲಿಸದೆ ಆಲಿಸುವುದು, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಕಟ್ಟಿಕೊಡುವುದು ರೂಢಿಯಲ್ಲಿದ್ದಿತು. ಕ್ಯೂಬಾ ದೇಶದ ಸಿಗಾರ್ ಕಾರ್ಖಾನೆಗಳಲ್ಲೂ ಹತ್ತೊಂಬತ್ತನೆಯ ಶತಮಾನದಿಂದ ಇಂತಹ ಓದುಗರಿದ್ದರು. ಕೈಗೆ ಕೆಲಸವಿದ್ದು ಕಿವಿಗೆ ಬಿಡುವಿದ್ದ ಈ ದುಡಿಮೆಯು ವಾಚನ ಮತ್ತು ಶ್ರವಣಗಳ ಒಂದು ಸಂಪ್ರದಾಯವನ್ನೇ ಸೃಷ್ಟಿಸಿತು. ಸಂಘಟನೆ ಹುಟ್ಟಿದ್ದು, ಕೂಲಿಯ ಲೆಕ್ಕ ಎಲ್ಲರಿಗೂ ತಿಳಿದದ್ದು ಆ ಸಂಪ್ರದಾಯದೊಳಗೇ. ಕೆಲಸ ಜಗಲಿಗೆ ಬಂದಾಗ ಹೆಂಗಸರು ನೆರೆಹೊರೆಯವರೊಡನೆ ಕೂಡಿ ಕುಳಿತು ಕಟ್ಟುವುದುಂಟು. ಮಾತುಕತೆಯುಂಟು, ರೇಡಿಯೊ ಉಂಟು. ಆದರೆ ಒಂದೇ ಮಾಲೀಕನ ಕೆಳಗೆ ದುಡಿಯುವ ನೂರು ಮಂದಿ ಒಂದೇ ಸೂರಿನಡಿ ಒಂದೇ ಸುದ್ದಿಯನ್ನು ಕೇಳುವ ಅವಕಾಶ ಉಳಿಯಲಿಲ್ಲ. ಬೀಡಿಯ ಹಾಡುಗಳಿವೆಯೇ ಎಂದು ಹುಡುಕಿಕೊಂಡು ಹೋದ ಕ್ಷೇತ್ರಕಾರ್ಯದಲ್ಲಿ ಈ ಲೇಖಕನಿಗೆ ಹೆಚ್ಚಾಗಿ ದೊರೆತದ್ದು ಹಾಡಲ್ಲ, ಎಣಿಕೆ. ಎಷ್ಟು ಕಟ್ಟಾಯಿತು, ಎಲೆ ಎಷ್ಟು ಉಳಿಯಿತು, ಬ್ರಾಂಚಿಗೆ ಹೋಗಲು ಎಷ್ಟು ಹೊತ್ತಿದೆ ಎಂಬ ಮಾತುಗಳೇ ಆ ಜಗಲಿಗಳ ಮೌಖಿಕ ಪರಂಪರೆ. ಅದನ್ನು ಸಂಗ್ರಹಯೋಗ್ಯವಲ್ಲವೆಂದು ಬದಿಗಿಟ್ಟದ್ದು ನಮ್ಮ ಶಾಸ್ತ್ರದ ಮಿತಿಯೇ ಹೊರತು ಆ ಹೆಂಗಸರದ್ದಲ್ಲ.

ಒಂದು ಕಾರ್ಡಿನಲ್ಲಿ ಒಬ್ಬಳ ಹೆಸರಿದ್ದು ಆ ಬೀಡಿಯನ್ನು ಅತ್ತೆ, ಸೊಸೆ, ಶಾಲೆಯಿಂದ ಬಂದ ಮಗಳು ಸೇರಿ ಕಟ್ಟುವುದು ಸಾಮಾನ್ಯ. ಉದ್ಯೋಗವನ್ನು ತಲೆಯೆಣಿಕೆಯಿಂದ ಅಳೆಯುವವರಿಗೆ ಇಲ್ಲಿ ಕಾಣುವುದು ಒಂದೇ ತಲೆ.

೭. ತಿರಸ್ಕೃತ ಬೀಡಿಯ ನ್ಯಾಯಚರಿತ್ರೆ

ಸಾವಿರಕ್ಕೆ ಇಷ್ಟು ಎಂಬ ದರವನ್ನು ಏರಿಸಿದಾಗ ಮಾಲೀಕನು ಯಾರನ್ನೂ ಕೆಲಸದಿಂದ ತೆಗೆಯಬೇಕಾಗಿಲ್ಲ. ವಾರದಲ್ಲಿ ಆರು ದಿನ ಕೊಡುತ್ತಿದ್ದ ಎಲೆಯನ್ನು ನಾಲ್ಕು ದಿನ ಕೊಟ್ಟರೆ ಸಾಕು. ತೂಕಕ್ಕೆ ಸರಿಯಾಗಿದ್ದರೂ ಹರಿದ, ಚಿಕ್ಕ ಎಲೆಗಳನ್ನು ಕೊಟ್ಟರೆ ಅದರಲ್ಲಿ ಸಾವಿರ ತುಂಬುವುದಿಲ್ಲ. ಕೊರತೆಯ ಎಲೆಯನ್ನು ಕಟ್ಟುವವಳೇ ಅಂಗಡಿಯಿಂದ ಕೊಳ್ಳಬೇಕು. ತಂದ ಬೀಡಿಯಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ತೆಗೆದಿಟ್ಟರೆ ಅದಕ್ಕೆ ಮಜೂರಿಯಿಲ್ಲ. ಉದ್ಯೋಗ ಉಳಿದಿದೆ, ದರವೂ ಏರಿದೆ, ಕೈಗೆ ಬಂದ ಹಣ ಮಾತ್ರ ಏರಿಲ್ಲ. ವೇತನ ಮತ್ತು ಉದ್ಯೋಗಗಳ ಸಂಬಂಧ ನಿಜವಾಗಿ ತೀರ್ಮಾನವಾಗುವುದು ಈ ಮೂರು ಕೈಚಳಕಗಳ ನಡುವೆ.

ಮಹಾರಾಷ್ಟ್ರದ ಕಡೆಯಲ್ಲಿ ಛಾಟ್ ಎಂದು ಕರೆಯಲಾಗುವ ಈ ತಿರಸ್ಕೃತ ಬೀಡಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮುಂಬಯಿ ಸರಕಾರವು ಕನಿಷ್ಠ ವೇತನದ ಅಧಿಸೂಚನೆಯಲ್ಲಿಯೇ ತಿರಸ್ಕಾರಕ್ಕೂ ನಿಯಮಗಳನ್ನು ಸೇರಿಸಿದ್ದಿತು. ಗೊಂದಿಯಾದ ಬೀಡಿ ವ್ಯಾಪಾರಿಗಳ ಸಂಘ ಇದನ್ನು ಪ್ರಶ್ನಿಸಿತು. ದರವನ್ನು ಗೊತ್ತುಪಡಿಸುವ ಅಧಿಕಾರದಲ್ಲಿ ತಿರಸ್ಕಾರದ ವಿವಾದವನ್ನು ನಿಯಂತ್ರಿಸುವ ಅಧಿಕಾರ ಸೇರಿಲ್ಲವೆಂದು ನ್ಯಾಯಾಲಯವು ೧೯೬೧ರಲ್ಲಿ ತೀರ್ಮಾನಿಸಿತು. ಅಂದರೆ ಸರಕಾರವು ಕೊಳಗದ ಬೆಲೆಯನ್ನು ನಿಗದಿಪಡಿಸಬಹುದು, ಕೊಳಗ ತುಂಬಿದೆಯೇ ಎಂದು ನೋಡುವಂತಿರಲಿಲ್ಲ. ಈ ಕೊರತೆಯನ್ನು ೧೯೬೬ರ ಕಾಯ್ದೆ ತುಂಬಿತು. ಕಚ್ಚಾವಸ್ತುವಿನ ವಿತರಣೆ, ಬೀಡಿಯ ತಿರಸ್ಕಾರ, ತಿರಸ್ಕೃತ ಬೀಡಿಯ ಮಜೂರಿ ಇವುಗಳ ವಿವಾದಗಳನ್ನು ಗೊತ್ತುಪಡಿಸಿದ ಪ್ರಾಧಿಕಾರವೊಂದು ಇತ್ಯರ್ಥಪಡಿಸಬೇಕೆಂದು ಅದರ ೩೯ನೆಯ ಕಲಮು ವಿಧಿಸಿತು.

ಮಾಲೀಕರು ಈ ಕಾಯ್ದೆಯನ್ನೇ ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೪ರಲ್ಲಿ ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಅನಂತರ ಪಿ. ಎಂ. ಪಟೇಲ್ ಪ್ರಕರಣದಲ್ಲಿ, ಮನೆಯಲ್ಲಿ ಕಟ್ಟುವವರು ಭವಿಷ್ಯನಿಧಿಗೆ ಅರ್ಹರಾದ ಕಾರ್ಮಿಕರೇ ಎಂಬ ಪ್ರಶ್ನೆ ಬಂದಿತು. ಮನೆಯೊಳಗೆ ನಾವು ಮೇಲ್ವಿಚಾರಣೆ ನಡೆಸುವುದಿಲ್ಲ, ಆದುದರಿಂದ ಅವರು ನಮ್ಮ ಕಾರ್ಮಿಕರಲ್ಲ ಎಂಬುದು ಮಾಲೀಕರ ವಾದ. ಬೀಡಿಯನ್ನು ತಿರಸ್ಕರಿಸುವ ಹಕ್ಕೇ ಮೇಲ್ವಿಚಾರಣೆಯ ಲಕ್ಷಣ ಎಂದು ನ್ಯಾಯಾಲಯ ಉತ್ತರಿಸಿತು. ಮಜೂರಿಯನ್ನು ಕಡಿತಗೊಳಿಸಲು ಬಳಕೆಯಾಗುತ್ತಿದ್ದ ಸಾಧನವೇ ಉದ್ಯೋಗ ಸಂಬಂಧಕ್ಕೆ ಸಾಕ್ಷಿಯಾಗಿ ನಿಂತದ್ದು ಈ ಚರಿತ್ರೆಯ ಗಮನಾರ್ಹ ತಿರುವು. ಆದರೂ ಎಲೆಯನ್ನು ಮಾರಿದಂತೆ, ಬೀಡಿಯನ್ನು ಕೊಂಡಂತೆ ಕಾಗದ ಬರೆದು, ಕಟ್ಟುವವಳನ್ನು ಸ್ವತಂತ್ರ ವ್ಯಾಪಾರಿಯೆಂದು ತೋರಿಸುವ ಕ್ರಯವಿಕ್ರಯ ಪದ್ಧತಿ ದೇಶದ ಹಲವೆಡೆ ಬೆಳೆಯಿತು. ಕಾರ್ಮಿಕಳೇ ಅಲ್ಲದವಳಿಗೆ ಕನಿಷ್ಠ ವೇತನವೆಲ್ಲಿಯದು?

ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಬಿಡಿಲೆಕ್ಕದ ಕೆಲಸದವರಿಗೆ ಖಾತರಿಯ ಕಾಲದರವೊಂದನ್ನು ಗೊತ್ತುಪಡಿಸುವ ಅವಕಾಶ ೧೯೪೮ರ ಕಾಯ್ದೆಯಲ್ಲೇ ಇದ್ದಿತು. ಅಂದರೆ ಎಲೆ ಕಡಿಮೆ ಬಂದ ದಿನವೂ ಇಷ್ಟು ಸಿಗಲೇಬೇಕು ಎನ್ನುವ ಉಪಾಯ. ಸಾವಿರದ ದರದ ಮೇಲೆ ನಡೆದ ಹೋರಾಟಗಳ ನಡುವೆ ಈ ಉಪಾಯಕ್ಕೆ ದೊರೆಯಬೇಕಾದ ಗಮನ ದೊರೆಯಲಿಲ್ಲ.

೮. ಇಳಿಗಾಲ ಮತ್ತು ಹೊಸ ಕಾನೂನು

ತೊಂಬತ್ತರ ದಶಕದಿಂದೀಚೆಗೆ ಬೀಡಿಯ ಇಳಿಗಾಲ ಆರಂಭವಾಯಿತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ಕೇರಳ ಉಚ್ಚ ನ್ಯಾಯಾಲಯ ೧೯೯೯ರಲ್ಲಿ ನಿಷೇಧಿಸಿತು. ೨೦೦೩ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ, ೨೦೦೯ರಲ್ಲಿ ಪೊಟ್ಟಣದ ಮೇಲಿನ ಚಿತ್ರಸಹಿತ ಎಚ್ಚರಿಕೆ, ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆಯಡಿ ೨೮ ಪ್ರತಿಶತದ ದರ ಬಂದವು. ಕಡಿಮೆ ಮಜೂರಿಯ ಪ್ರದೇಶಗಳಿಂದ ಬಂದ ಅಗ್ಗದ ಬೀಡಿಗಳ ಪೈಪೋಟಿಯೂ ಸೇರಿ ದಿನೇಶ್ ಸಹಕಾರ ಸಂಘ ಕುಗ್ಗಿತು; ತೊಂಬತ್ತರ ದಶಕದ ಕೊನೆಯಿಂದ ಆಹಾರ ಪದಾರ್ಥ, ಕೊಡೆ, ಉಡುಪುಗಳತ್ತ ಹೊರಳಿತು. ಬೀಡಿಯು ಸೇದುವವನ ಶ್ವಾಸಕೋಶಕ್ಕೂ ಕಟ್ಟುವವಳ ಆರೋಗ್ಯಕ್ಕೂ ಹಾನಿಕರವೆಂಬುದು ನಿರ್ವಿವಾದ. ಆದುದರಿಂದ ಈ ಕ್ಷೀಣತೆಯನ್ನು ತಡೆಯಬೇಕೆಂಬುದು ಇಲ್ಲಿನ ವಾದವಲ್ಲ. ಆದರೆ ಆರೋಗ್ಯ ನೀತಿ, ತೆರಿಗೆ ಮತ್ತು ಅಭಿರುಚಿಗಳಿಂದ ಕಳೆದುಹೋದ ಉದ್ಯೋಗವನ್ನು ಮಜೂರಿಯ ಏರಿಕೆಯ ಲೆ‌ಕ್ಕಕ್ಕೆ ಬರೆಯುವುದು ಅನ್ಯಾಯ. ಭಾರತವು ೨೦೦೪ರಲ್ಲಿ ಸ್ಥಿರೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯ ೧೭ನೆಯ ಅನುಚ್ಛೇದವು ತಂಬಾಕಿನ ಕೆಲಸಗಾರರಿಗೆ ಪರ್ಯಾಯ ಜೀವನೋಪಾಯವನ್ನು ಕಲ್ಪಿಸುವುದನ್ನು ಉತ್ತೇಜಿಸಬೇಕೆನ್ನುತ್ತದೆ. ಇದಕ್ಕೆ ವಿರುದ್ಧವಾಗಿ, ೧೯೭೬ರಿಂದ ಬೀಡಿ ಕಾರ್ಮಿಕರ ಕಲ್ಯಾಣನಿಧಿಗೆ ಆಧಾರವಾಗಿದ್ದ ವಿಶೇಷ ಕರವು ೨೦೧೭ರ ತೆರಿಗೆ ಬದಲಾವಣೆಯೊಂದಿಗೆ ರದ್ದಾಯಿತು.

ರಾಜ್ಯ ರಾಜ್ಯಗಳ ನಡುವಣ ಕೂಲಿಯ ಅಂತರಕ್ಕೆ ಪರಿಹಾರವಾಗಿ ಕೇಂದ್ರ ಸರಕಾರವು ೧೯೯೬ರಲ್ಲಿ ದಿನಕ್ಕೆ ೩೫ ರೂಪಾಯಿಗಳ ರಾಷ್ಟ್ರೀಯ ತಳಮಟ್ಟದ ವೇತನವನ್ನು ಸೂಚಿಸಿತು. ಅದು ೨೦೧೭ರಲ್ಲಿ ೧೭೬ ರೂಪಾಯಿಗೆ ಏರಿತು. ಆದರೆ ಅದಕ್ಕೆ ಕಾನೂನಿನ ಬಲವಿರಲಿಲ್ಲ. ೨೦೧೯ರ ವೇತನ ಸಂಹಿತೆಯು ತಳಮಟ್ಟದ ವೇತನಕ್ಕೆ ಆ ಬಲವನ್ನು ಒದಗಿಸಿದೆ. ೨೦೨೫ರ ನವೆಂಬರ್ ೨೧ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುದರೊಂದಿಗೆ ೧೯೪೮ರ ಕನಿಷ್ಠ ವೇತನ ಕಾಯ್ದೆಯೂ ೧೯೬೬ರ ಬೀಡಿ ಕಾಯ್ದೆಯೂ ಚರಿತ್ರೆಗೆ ಸೇರಿದವು. ಯಾವ ರಾಜ್ಯವೂ ಇಳಿಯಬಾರದ ತಳವೊಂದಿದ್ದರೆ ೧೯೬೮ರಂತಹ ವಲಸೆಗೆ ಕಾರಣ ಕಡಿಮೆಯಾಗಬೇಕು ಎಂಬುದು ತರ್ಕ. ಆ ತಳ ತೀರ ಕೆಳಗಿದ್ದರೆ ಅಂತರ ಉಳಿಯುತ್ತದೆ. ಅಂತರ ಉಳಿದಷ್ಟು ಕಾಲ ಎಲೆಯ ಚೀಲಕ್ಕೆ ದಾರಿಯೂ ಉಳಿಯುತ್ತದೆ.

೯. ಸಮಾರೋಪ

ಇದುವರೆಗಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕನಿಷ್ಠ ವೇತನದ ಏರಿಕೆಯು ಉದ್ಯೋಗವನ್ನು ತಾನೇ ತಾನಾಗಿ ಕುಗ್ಗಿಸುವುದಿಲ್ಲ. ತಾನೇ ತಾನಾಗಿ ಕಾಪಾಡುವುದೂ ಇಲ್ಲ. ಉದ್ಯಮ ನೆಲಕ್ಕೆ ಬೇರೂರಿದೆಯೇ, ನೆರೆಯ ಪ್ರದೇಶದಲ್ಲಿ ಕೂಲಿ ಎಷ್ಟಿದೆ, ಮಾಲೀಕನ ಸ್ಥಾನದಲ್ಲಿ ಯಾರಿದ್ದಾರೆ, ಅಳತೆ ದಿನದ್ದೋ ಸಾವಿರದ್ದೋ ಎಂಬ ಸಂಗತಿಗಳು ಅದರ ಫಲವನ್ನು ನಿರ್ಧರಿಸುತ್ತವೆ. ಕಣ್ಣೂರಿನ ಹನ್ನೆರಡು ಸಾವಿರ ಮಂದಿ ಕೆಲಸ ಕಳೆದುಕೊಂಡದ್ದೂ ನಿಜ, ಅದೇ ಕೂಲಿಯ ಮೇಲೆ ಮುಂದೆ ನಲವತ್ತು ಸಾವಿರ ಮಂದಿ ಬದುಕಿದ್ದೂ ನಿಜ. ಒಂದನ್ನು ಮರೆತು ಇನ್ನೊಂದನ್ನು ಹೇಳುವುದು ಚರಿತ್ರೆಯಾಗದು.

ಜಾನಪದ ವಿದ್ವಾಂಸರ ಪಾಲಿಗೆ ಇದರಿಂದ ಒಂದು ಹೊಣೆ ಒದಗುತ್ತದೆ. ಬೀಡಿ ಕಟ್ಟುವ ಜಗಲಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಅಲ್ಲಿ ಕುಳಿತಿದ್ದ ತಲೆಮಾರು ವೃದ್ಧಾಪ್ಯಕ್ಕೆ ಸಂದಿದೆ. ಎಲೆಯ ಗುಣವನ್ನು ಬೆರಳ ತುದಿಯಲ್ಲಿ ತಿಳಿಯುವ ಜಾಣ್ಮೆ, ಬ್ರಾಂಚಿನ ತೂಕದ ಬಗೆಗಿನ ಅವಿಶ್ವಾಸ, ತಿರಸ್ಕೃತ ಬೀಡಿಯ ನೋವು ಇವು ಸರಕಾರದ ಅಧಿಸೂಚನೆಗಳಲ್ಲಾಗಲಿ ಕಂಪೆನಿಯ ಕಡತಗಳಲ್ಲಾಗಲಿ ದೊರೆಯುವುದಿಲ್ಲ. ರಾಗಿ ಬೀಸಿದ ಹೆಂಗಸರ ಹಾಡುಗಳನ್ನು ನಮ್ಮ ಹಿರಿಯರು ಕಾಲ ಮೀರುವ ಮುನ್ನ ಬರೆದಿಟ್ಟರು. ಬೀಡಿ ಕಟ್ಟಿದ ಹೆಂಗಸರ ಲೆಕ್ಕವನ್ನು ಬರೆದಿಡುವ ಕೆಲಸ ನಮ್ಮ ಕಾಲದ್ದು.